ಧಣಿಯ ಪುಸ್ತಕದಲ್ಲಿ ಅಮ್ಮನ ಅಕ್ಕಿ ಡಬ್ಬ

ಮುದುಕನಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದು ಬರೆದರೆ ಪೂರ್ತಿ ಸರಿಯಾಗುವುದಿಲ್ಲ. ಅಂಚು ಕಾಣುತ್ತಿತ್ತು, ನಡು ಕಾಣುತ್ತಿರಲಿಲ್ಲ. ಎದುರು ಕೂತವರ ಕಿವಿ, ಕುರ್ಚಿಯ ಕೈ, ಹಿಂದಿನ ಕಿಟಕಿಯಲ್ಲಿ ಸಮುದ್ರದ ಒಂದು ತುಂಡು ಅವನಿಗೆ ಸಿಗುತ್ತಿತ್ತು. ಮುಖ ಇರಬೇಕಾದ ಜಾಗದಲ್ಲಿ ಬೂದಿಬಣ್ಣದ ಮಚ್ಚೆ. ಹಾಗಾಗಿ ನಾನು ಏಳು ತಿಂಗಳು ಎದುರು ಕೂತರೂ ನನ್ನ ಮುಖದಲ್ಲಿ ನನ್ನ ಅಮ್ಮನ ಮುಖ ಇರುವುದು ಅವನಿಗೆ ಗೊತ್ತಾಗಲಿಲ್ಲ. ಕಣ್ಣು ಸರಿಯಿದ್ದಿದ್ದರೂ ಗೊತ್ತಾಗುತ್ತಿತ್ತೋ ಇಲ್ಲವೋ. ಒಂಬತ್ತು ವರ್ಷ ತನ್ನ ಮನೆಯಲ್ಲಿ ದುಡಿದವಳ ಮುಖವನ್ನು ಅವನು ಯಾವಾಗ ನೋಡಿದ್ದ?

ಎಂಬತ್ತು ತುಂಬಲಿರುವ ಮನುಷ್ಯನನ್ನು ‘ಅವರು’ ಎಂದು ಬರೆಯಬೇಕು. ನಾನು ಬರೆಯುವುದಿಲ್ಲ.

ಅವನು ಸ್ಕಾಟ್ಲೆಂಡಿನ ದೊಡ್ಡ ಜಮೀನುದಾರ. ಬೆಟ್ಟ, ನದಿ, ಜಿಂಕೆ ಬೇಟೆಯ ಕಾಡು, ಎರಡು ಊರಿನಷ್ಟು ಒಕ್ಕಲು. ಪಾರ್ಲಿಮೆಂಟಿಗೆ ಗೆದ್ದ, ಸೋತ, ಸೋತಾಗ ದುಬೈಗೆ ಬಂದು ಕಂಪನಿಗಳಿಗೆ ಸಲಹೆಗಾರನಾದ. ಆಮೇಲೆ ಹಿಂದೆ ಹೋಗಿ ಮತ್ತೆ ಗೆದ್ದ, ಸ್ವಲ್ಪ ಕಾಲ ಕಿರಿಯ ಮಂತ್ರಿಯೂ ಆದ. ಹೆಂಡತಿ ತೀರಿಕೊಂಡ ಮೇಲೆ ಬಿಸಿಲು ಬೇಕೆಂದು ಅಬುಧಾಬಿಗೆ ಬಂದು ಅಲ್ ರೀಮ್ ಐಲ್ಯಾಂಡಿನ ಗೋಪುರವೊಂದರ ಮೂವತ್ತೆಂಟನೆಯ ಮಹಡಿಯಲ್ಲಿ ಉಳಿದ. ಅಲ್ಲಿ ಕೂತು ತನ್ನ ಮತ್ತು ತನ್ನ ವಂಶದ ಕತೆಯನ್ನು ರೆಕಾರ್ಡರಿಗೆ ಹೇಳುತ್ತಿದ್ದ. ನಾನು ಕೇಳಿ ಟೈಪ್ ಮಾಡುತ್ತಿದ್ದೆ. ನಮ್ಮದು ಅದೇ ಊರಿನ ಅಂಚಿನ ಮುಸಫ್ಫಾದಲ್ಲಿರುವ ಸಣ್ಣ ಕಂಪನಿ. ಕೋರ್ಟಿನ ಕಾಗದ, ಮೀಟಿಂಗಿನ ಮಾತು, ಏನು ಕೊಟ್ಟರೂ ಕೇಳಿ ಬರೆದುಕೊಡುತ್ತೇವೆ.

ಈ ಕೆಲಸ ನನಗೆ ಆಕಸ್ಮಿಕವಾಗಿ ಬಂತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ನನಗೂ ಹಾಗೇ ನೆನಪಿದೆ: ಮ್ಯಾನೇಜರ್ ಫೈಲು ಹಿಡಿದು ಬಂದದ್ದು, ನನ್ನ ಮೇಜಿನ ಮೇಲೆ ಇಟ್ಟದ್ದು. ಆದರೆ ಫೈಲು ಮೊದಲು ಇಟ್ಟದ್ದು ಪಕ್ಕದ ಮೇಜಿನಲ್ಲಿ. ಮೇಲಿನ ಹೆಸರು ಓದಿದೆ, ಎದ್ದು ಹೋಗಿ ಕೇಳಿ ತೆಗೆದುಕೊಂಡೆ. ಅಷ್ಟನ್ನು ಇಲ್ಲಿ ಸರಿಪಡಿಸುತ್ತೇನೆ.

ಆ ಹೆಸರನ್ನು ನಾನು ಹತ್ತನೆಯ ವಯಸ್ಸಿನಿಂದ ಬಲ್ಲೆ. ಅದಕ್ಕೂ ಮೊದಲು ಅದು ಉಡುಪಿಯ ನಮ್ಮ ಮನೆಗೆ ಬರುವ ಕಾಗದದ ಹಿಂಬದಿಯ ಬರೀ ವಿಳಾಸವಾಗಿತ್ತು. ಅಪ್ಪ ಸತ್ತಾಗ ನನಗೆ ವರ್ಷ ತುಂಬಿರಲಿಲ್ಲ. ಅಮ್ಮ ನನ್ನ ಹಾಲು ಬಿಡಿಸಿ, ನನ್ನನ್ನು ಅಜ್ಜಿಯ ಬಳಿ ಬಿಟ್ಟು, ದುಬೈಯಲ್ಲಿ ಅವನ ಕಿರಿಮಗನಿಗೆ ಹಾಲು ಕುಡಿಸಲು ಹೋದಳು. ಎರಡು ವರ್ಷಕ್ಕೊಮ್ಮೆ ಬಂದಾಗ ಆ ಹುಡುಗನ ಫೋಟೊ ತರುತ್ತಿದ್ದಳು. ಬಾಬಾ ನಡೆದ, ಬಾಬಾ ಗಂಜಿ ಊಟ ಮಾಡುತ್ತಾನೆ, ಬಾಬಾನಿಗೆ ಕೊಂಕಣಿಯಲ್ಲಿ ಹತ್ತರವರೆಗೆ ಎಣಿಸಲು ಬರುತ್ತದೆ. ನಾನು ಆ ಫೋಟೊಗಳ ಕಣ್ಣಿಗೆ ಮುಳ್ಳು ಚುಚ್ಚುತ್ತಿದ್ದೆನಂತೆ. ನನಗೆ ನೆನಪಿಲ್ಲ, ಅಜ್ಜಿ ಹೇಳಿದ್ದು. ನೆನಪಿದ್ದರೆ ಚೆನ್ನಾಗಿತ್ತು.

ಈಗ ಅಮ್ಮನ ಹೆಸರು ಕೆಡಿಸಿದ ಬ್ರೂಚಿನ ವಿಷಯ. ಇದನ್ನು ನಾನು ಅಮ್ಮನ ಬಾಯಿಂದ ಕೇಳಿದಂತೆ ಬರೆಯುತ್ತೇನೆ.

ಅದು ಬೆಳ್ಳಿಯ ಪದಕದಂಥ ಪಿನ್ನು, ಅಂಗೈ ಅಗಲ, ನಡುವೆ ಹೊಗೆ ಹಿಡಿದ ಹಳದಿ ಕಲ್ಲು. ಅವರ ಮನೆಯ ಗಂಡಸರು ಮದುವೆಗೂ ಸಾವಿಗೂ ಹೆಗಲ ಮೇಲೆ ಚೌಕಳಿ ಉಣ್ಣೆ ಬಟ್ಟೆ ಹೊದ್ದು ಅದನ್ನು ಚುಚ್ಚಿಕೊಳ್ಳುತ್ತಾರೆ. ಒಂದು ಬೇಸಗೆಯಲ್ಲಿ ಮನೆಯವರೆಲ್ಲ ಸ್ಕಾಟ್ಲೆಂಡಿಗೆ ಹೋದರು, ಬ್ರೂಚು ಡ್ರೆಸಿಂಗ್ ಟೇಬಲ್ ಮೇಲೆ ಮರೆತುಹೋಯಿತು. ಮರುವಾರ ಎಸಿಯ ಕೊಳವೆ ಬಿಚ್ಚಲು ಗುರುತಿಲ್ಲದ ಕೆಲಸಗಾರರು ಬರುವವರಿದ್ದರು. ಅಮ್ಮ ಮನೆಯಲ್ಲಿ ಒಬ್ಬಳೇ. ಬೀರುವಿನ ಬೀಗದ ಕೈ ಅವನ ಹೆಂಡತಿ ಮೇಡಮ್ಮನ ಬ್ಯಾಗಿನಲ್ಲಿ. ನಮ್ಮ ಕಡೆ ಮದುವೆಗೋ ಫೆಸ್ಟಿಗೋ ಮನೆಗೆ ಬೀಗ ಹಾಕಿ ಹೊರಡುವಾಗ ಹೆಂಗಸರು ಏನು ಮಾಡುತ್ತಾರೋ ಅವಳೂ ಅದನ್ನೇ ಮಾಡಿದಳು. ಕರವಸ್ತ್ರದಲ್ಲಿ ಸುತ್ತಿ ಅಕ್ಕಿ ಡಬ್ಬದ ತಳಕ್ಕೆ ಇಳಿಸಿದಳು. ಆ ಮನೆಯಲ್ಲಿ ಅಕ್ಕಿ ಡಬ್ಬ ಇದ್ದದ್ದು ಒಂದೇ, ಅವಳದು. ಊರಿನ ಕುಚ್ಚಲಕ್ಕಿ, ಅವಳ ಕೋಣೆಯ ಮಂಚದ ಕೆಳಗೆ. ಆಮೇಲೆ ನಡುಮನೆಯ ಫೋನಿನಿಂದ ಸ್ಕಾಟ್ಲೆಂಡಿಗೆ ಫೋನು ಮಾಡಿ ಮೇಡಮ್ಮನಿಗೆ ಹೇಳಿದಳು. ಹಿಂದೆ ನಾಯಿಗಳು ಬೊಗಳುತ್ತಿದ್ದವಂತೆ. ಮೇಡಮ್ ‘ಗುಡ್, ಗುಡ್’ ಎಂದು ಇಟ್ಟರಂತೆ.

ಅವರು ವಾಪಸಾದರು. ಆ ವಾರವೇ ಊಟಕ್ಕೆ ದೊಡ್ಡ ಅತಿಥಿಗಳು. ಬ್ರೂಚು ಬೇಕಾಯಿತು, ಇಲ್ಲ. ಅಲ್ಲಿನ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಅಮ್ಮ ಇಗರ್ಜಿಗೆ ಹೋಗಿದ್ದಾಗ ಮನೆ ಹುಡುಕಿದರು. ಚರ್ಚಿನ ಬಲಿಪೂಜೆ ಮುಗಿಸಿ ಬಂದವಳಿಗೆ ಅವಳ ಚೀಲ ಮೆಟ್ಟಿಲ ಮೇಲೆ ಕಂಡಿತು. ‘ಮೇಡಮ್ಮಿಗೆ ಹೇಳಿದ್ದೆ’ ಎಂದಳು. ಮೇಡಮ್ ಬಾಗಿಲಲ್ಲೇ ನಿಂತಿದ್ದರು, ಏನೂ ಹೇಳಲಿಲ್ಲ. ಯಜಮಾನ ದೊಡ್ಡ ಮನಸ್ಸು ಮಾಡಿ ಪೊಲೀಸರನ್ನು ಕರೆಯಲಿಲ್ಲ, ವೀಸಾ ಕ್ಯಾನ್ಸಲ್ ಮಾಡಿಸಿ ಟಿಕೆಟ್ ಕೊಟ್ಟ. ಹುಡುಗ ಮೇಲಿನ ಕಿಟಕಿಯಲ್ಲಿ ಇದ್ದ ಎಂದು ಅಮ್ಮ ಒಮ್ಮೆ ಹೇಳಿದಳು. ಇನ್ನೊಮ್ಮೆ, ಅವನು ಅಂದು ಮನೆಯಲ್ಲೇ ಇರಲಿಲ್ಲ ಎಂದಳು.

ನಮ್ಮ ಊರಲ್ಲಿ ಗಲ್ಫಿನಿಂದ ಬಂದವಳ ಸುದ್ದಿ ಅವಳಿಗಿಂತ ಮೊದಲು ಬಂದಿರುತ್ತದೆ. ಅದೇ ಬೀದಿಯ ಇನ್ನೊಂದು ವಿಲ್ಲಾದಲ್ಲಿ ನಮ್ಮ ಇಗರ್ಜಿಯ ಹೆಂಗಸೇ ಅಡುಗೆಗೆ ಇದ್ದಳು. ಮೊದಲ ಭಾನುವಾರ ಬೆಂಚಿನಲ್ಲಿ ಅಮ್ಮ ಕೂತ ಕಡೆಯಿಂದ ಇಬ್ಬರು ಸರಿದು ಕೂತರು. ಮದುವೆ ಮನೆಗಳಲ್ಲಿ ಮುನ್ನಾದಿನ, ತೆಂಗಿನಹಾಲು ಹಚ್ಚುವ ರೋಸ್ ದಿನ, ಹೆಣ್ಣಿನ ಚಿನ್ನ ಇಟ್ಟ ಕೋಣೆಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಶಾಲೆಯಲ್ಲಿ ಯಾರದ್ದಾದರೂ ಪೆನ್ಸಿಲ್ ಕಳೆದುಹೋದರೆ ಟೀಚರ್ ನನ್ನ ಬ್ಯಾಗನ್ನು ಕೊನೆಯಲ್ಲಿ ನೋಡುತ್ತಿದ್ದರು, ನನಗೆ ಬೇಸರವಾಗದಿರಲಿ ಎಂದು. ಆ ಕರುಣೆಯನ್ನು ನಾನು ಇನ್ನೂ ಯಾರಿಗೂ ಕ್ಷಮಿಸಿಲ್ಲ. ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಸೇರಿದಳು. ಬೀಜದ ಎಣ್ಣೆ ತಾಗಿ ಬೆರಳು ಕಪ್ಪಾದವು, ಇವತ್ತಿಗೂ ಪೂರ್ತಿ ತಿಳಿಯಾಗಿಲ್ಲ. ಈಗ ಅವಳು ನನ್ನ ವೀಸಾದ ಮೇಲೆ ಮುಸಫ್ಫಾದ ಶಾಬಿಯಾದಲ್ಲಿ ನನ್ನ ಜೊತೆ ಇದ್ದಾಳೆ.

ಇಷ್ಟು ಹೊತ್ತುಕೊಂಡು ನಾನು ಮೂವತ್ತೆಂಟನೆಯ ಮಹಡಿಗೆ ಹೋಗುತ್ತಿದ್ದೆ. ಮನೆಯಲ್ಲಿ ಅಮ್ಮನಿಗೆ ಯಾರ ಕೆಲಸ ಎಂದು ಹೇಳಿರಲಿಲ್ಲ.

ಮೊದಮೊದಲು ನನ್ನ ಸೇಡು ಬಹಳ ಸಣ್ಣದಾಗಿತ್ತು. ಅವನ ಚಹಾ ಆರಲಿ ಎಂದು ಕಾಯುತ್ತಿದ್ದೆ. ಕಪ್ಪನ್ನು ಅವನ ಕಣ್ಣಿನ ಮಚ್ಚೆಯ ನಡುವಿಗೆ ಸರಿಸುತ್ತಿದ್ದೆ. ಅವನ ಕೈ ಮೇಜಿನ ಮೇಲೆ ತಡವುತ್ತಿದ್ದರೆ ನಾನು ನೋಡುತ್ತ ಕೂತಿರುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗಬೇಕು. ಆಗುತ್ತಿಲ್ಲ.

ಅವನು ಚೆನ್ನಾಗಿ ಹೇಳುತ್ತಿದ್ದ, ಅದೇ ನನ್ನ ಹೊಟ್ಟೆಯುರಿ. ಅವನ ಅಪ್ಪ ಸತ್ತಾಗ ಒಕ್ಕಲುಗಳು ಹೆಣವನ್ನು ಮಂಜಿನಲ್ಲಿ ಬೆಟ್ಟ ಇಳಿಸಿದ್ದು. ಹಿರಿಮಗನಿಗೇ ಎಲ್ಲ ಜಮೀನು ಹೋಗುವ ಅವರ ಪದ್ಧತಿ. ಕಿರಿಯನಿಗೆ ಹೆಸರು ಮತ್ತು ಬಂದೂಕು ಮಾತ್ರ. ಆದ್ದರಿಂದ ಕಿರಿಯ ಮಗ, ಅಮ್ಮನ ಬಾಬಾ, ಈಗ ಅಪ್ಪನ ಹಳೆಯ ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲಬೇಕೆಂದಿದ್ದ. ಪಕ್ಷದವರು ಅಭ್ಯರ್ಥಿಯನ್ನು ಆರಿಸುವ ಮೊದಲು ಈ ಪುಸ್ತಕ ಆ ಕ್ಷೇತ್ರದ ಹಿರಿಯರ ಕೈ ಸೇರಬೇಕು. ಒಕ್ಕಲಿಗೆ ಭೂಮಿ ಕೊಂಡುಕೊಳ್ಳುವ ಹಕ್ಕು ಕೊಡುವ ಕಾನೂನಿನ ವಿರುದ್ಧ ತಾನು ಮಾಡಿದ ಭಾಷಣಗಳನ್ನೂ ಅವನು ಹೇಳಿದ. ನಾನು ಒಂದು ಪೂರ್ಣವಿರಾಮ ಬಿಡದೆ ಟೈಪ್ ಮಾಡಿದೆ. ಒಮ್ಮೆ ಕೇಳಿದ, ನಿಮ್ಮ ಮನೆಯವರಿಗೆ ಜಮೀನಿದೆಯೇ ಎಂದು.

“ಇದೆ ಸರ್. ಮೊದಲು ಧಣಿಗಳದ್ದಾಗಿತ್ತು. ಕಾನೂನು ಬಂದಾಗ ನಮ್ಮ ಅಜ್ಜ ಡಿಕ್ಲರೇಶನ್ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಂಡರು.”

“ಪಾಪ, ಆ ಮನುಷ್ಯ” ಎಂದ. ಯಾರು, ಅಜ್ಜನೇ ಎಂದು ಕೇಳಿದೆ. “ಅಲ್ಲ, ಧಣಿ.”

ನಕ್ಕೆ. ನಿಜವಾಗಿ ನಗು ಬಂದಿತ್ತು.

ಅವನ ಕೆಲಸದ ರೀತಿ ಹೀಗಿತ್ತು. ನೆನಪಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದು, ನಡುನಡುವೆ ‘ಇದು ಪುಸ್ತಕಕ್ಕಲ್ಲ’ ಎನ್ನುವುದು. ರೆಕಾರ್ಡರ್ ಆರಿಸುತ್ತಿರಲಿಲ್ಲ. ಅಧಿಕಾರ ಮಾಡಿದವರಿಗೆ ಇದೊಂದು ಅಭ್ಯಾಸವಿರಬೇಕು, ಬೇಡವೆಂದರೆ ಸಾಕು, ಆಡಿದ ಮಾತು ಆಡಿಲ್ಲವೆಂದಾಗುತ್ತದೆ. ನಾವು ಹೀಗೆ ಕೇಳಿ ಬರೆಯುವವರು ಮೊದಲು ಉಸಿರಿನ ಸದ್ದೂ ಬಿಟ್ಟುಹೋಗದಂತೆ ಎಲ್ಲವನ್ನೂ ಇಳಿಸಿಕೊಳ್ಳುತ್ತೇವೆ, ಆಮೇಲೆ ಕತ್ತರಿಸುತ್ತೇವೆ. ಹಾಗಾಗಿ ನನ್ನ ಬಳಿ ಎರಡು ಫೈಲುಗಳಿದ್ದವು. ಕತ್ತರಿಸಿದ್ದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ಬ್ರೂಚಿನ ಕತೆ ಐದನೆಯ ತಿಂಗಳಲ್ಲಿ ಬಂತು. ಅದು ಅವನ ಅಚ್ಚುಮೆಚ್ಚಿನ ಊಟದ ಮೇಜಿನ ಕತೆ, ಮೊದಲ ಸಾಲಿನಲ್ಲೇ ಗೊತ್ತಾಯಿತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಲ್ಲ ಪಳಗಿತ್ತು. ನಮ್ಮ ಗೋವಾದ ಆಯಾ, ಎಂದು ಶುರು ಮಾಡಿದ. ಅಮ್ಮ ಗೋವಾ ನೋಡಿದವಳಲ್ಲ. ಮನೆಯೆಲ್ಲ ಹುಡುಕಿದ್ದು, ಕೊನೆಗೆ ಆಯಾಳ ಮಂಚದ ಕೆಳಗೆ ಅಕ್ಕಿ ಡಬ್ಬ ಸಿಕ್ಕಿದ್ದು, ತಾನು ಅದರೊಳಗೆ ಮೊಣಕೈವರೆಗೆ ಕೈ ಹಾಕಿದ್ದು, “ಹಸುವಿಗೆ ಹೆರಿಗೆ ಮಾಡಿಸುವ ಡಾಕ್ಟರ್ ಹಾಗೆ”, ಅಲ್ಲಿ ತಣ್ಣಗೆ ಲೋಹ ತಾಗಿದ್ದು, ಕರುವನ್ನು ಎಳೆದ ಹಾಗೆ ಎಳೆದದ್ದು. ಇಲ್ಲಿ ನಿಲ್ಲಿಸಿದ. ಇಲ್ಲಿ ಎಲ್ಲರೂ ನಗುತ್ತಾರೆಂದು ತೋರುತ್ತದೆ. ನಾನು ನಗಲಿಲ್ಲ. ಆಗ ಅವನು, ನಗು ಬಾರದ್ದಕ್ಕೋ ಏನೋ, ಕಿಟಕಿಯ ಕಡೆ ತಿರುಗಿ ಬೇರೆ ದನಿಯಲ್ಲಿ ಹೇಳಿದ:

“ಆ ಹೆಂಗಸು ಫೋನು ಮಾಡಿ ಹೇಳಿದ್ದಳಂತೆ, ಅಕ್ಕಿಯಲ್ಲಿ ಇಟ್ಟಿದ್ದೇನೆ ಅಂತ. ನನ್ನ ಹೆಂಡತಿ ಸಾಯುವ ಮೊದಲು ಹೇಳಿದಳು. ಆವತ್ತು ಮರೆತಿದ್ದಳು, ಬಾಗಿಲಲ್ಲಿ ನಿಂತಾಗ ನೆನಪಾಯಿತಂತೆ. ಅಷ್ಟರಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ನಾನು ಮತ್ತೆ ಚುನಾವಣೆಗೆ ಹೊರಟಿದ್ದೆ. ಏನು ಮಾಡುವುದು.” ಆಮೇಲೆ ಮತ್ತೆ ಇತ್ತ ತಿರುಗಿ, “ಇದು ಪುಸ್ತಕಕ್ಕಲ್ಲ.”

ನನ್ನ ಕೈ ನಡುಗಿತು ಎಂದು ಮೊದಲು ಬರೆದಿದ್ದೆ. ರೆಕಾರ್ಡಿಂಗಿನಲ್ಲಿ ನನ್ನ ಕೀಬೋರ್ಡಿನ ಸದ್ದು ಕೇಳಿಸುತ್ತದೆ, ಎಲ್ಲಿಯೂ ತಡವರಿಸಿಲ್ಲ. ಹೊಡೆದುಹಾಕಿದ್ದೇನೆ.

ಅಂದಿನಿಂದ ಮುದುಕನ ಚಹಾ ಬಿಸಿಯಾಗಿಯೇ ಅವನ ಕೈಗೆ ಸಿಕ್ಕಿತು. ನಾನು ಬಹಳ ವಿನಯದಿಂದ ಇದ್ದೆ. ಕತ್ತರಿಸಿದ ಫೈಲನ್ನು ಓದಿ ಹೇಳಿದೆ, ಕತ್ತರಿಸದ ಫೈಲನ್ನು ಪುಟಕಟ್ಟಲು ದುಬೈಯ ಅಲ್ ಕೂಜ್‌ನ ಪ್ರೆಸ್ಸಿಗೆ ಕಳಿಸಿದೆ. ಅದರಲ್ಲಿ ಅವನು ಬೇಡವೆಂದದ್ದು ಎಲ್ಲವೂ ಇತ್ತು, ‘ಇದು ಪುಸ್ತಕಕ್ಕಲ್ಲ’ ಎಂಬ ಮಾತು ಸಹಿತ, ಅಲ್ಪವಿರಾಮ ಸಹಿತ.

ಪ್ರೆಸ್ಸಿನಿಂದ ಬಂದ ಕರಡು ಪ್ರತಿಯನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ಮಗ ಓದಿದ.

ಅವನು ಒಂದು ಮಧ್ಯಾಹ್ನ ಮುಸಫ್ಫಾದ ನಮ್ಮ ಆಫೀಸಿಗೇ ಬಂದ. ನನಗಿಂತ ಒಂದು ವರ್ಷ ಕಿರಿಯ, ತಲೆ ಆಗಲೇ ನೆರೆತಿದೆ, ಮುಳ್ಳು ಚುಚ್ಚಿದ ಫೋಟೊದ ಅದೇ ಕಣ್ಣು. ಪುಟ ತೆರೆದು ಬೆರಳಿಟ್ಟು, ಅಪ್ಪ ನಿಜವಾಗಿ ಇದನ್ನು ಹೇಳಿದರೇ ಎಂದು ಕೇಳಿದ. ನಾನು ಇಯರ್‌ಫೋನು ಕೊಟ್ಟೆ. ಕೇಳಿದ. ಎರಡನೆಯ ಸಲ ಕೇಳಿದ. ಅವನಿಗೆ ಇಷ್ಟು ವರ್ಷ ಅವಳು ಕದ್ದಳೆಂದೇ ಹೇಳಿದ್ದರಂತೆ. ಆಮೇಲೆ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಈ ಒಂದು ಪ್ಯಾರಾ ತೆಗೆಯಲೇಬೇಕು ಎಂದ. ಇದು ತನ್ನ ತಾಯಿಯ ವಿಷಯ, ತಾಯಿ ಸತ್ತಿದ್ದಾಳೆ. ಉಳಿದ ‘ಬೇಡ’ಗಳನ್ನೂ ತೆಗೆಯಬೇಕು, ಇಲ್ಲದಿದ್ದರೆ ಆಯ್ಕೆ ಸಮಿತಿಯವರು ನಗುತ್ತಾರೆ. ಬೇಕಾದರೆ ಆಯಾಳ ಒಂದು ಒಳ್ಳೆಯ ಫೋಟೊ ಹಾಕೋಣ, ಕೆಳಗೆ ಕೃತಜ್ಞತೆಯ ಎರಡು ಸಾಲು. ಅವಳು ನಮಗೆ ಮನೆಯವಳೇ ಆಗಿದ್ದಳು.

“ಅವಳ ಕೈಯ ಫೋಟೊ ಹಾಕಿ” ಎಂದೆ. “ಗೇರುಬೀಜ ಸುಲಿದ ಕೈ. ನಾನು ತೆಗೆದುಕೊಡುತ್ತೇನೆ. ಇವತ್ತು ಸಂಜೆ ನನಗೆ ಚಪಾತಿ ಮಾಡುವುದು ಅದೇ ಕೈ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಅವನು ಮಾಡಿದ್ದನ್ನು ನಾನು ಎದುರುನೋಡಿರಲಿಲ್ಲ. ಕೋಪಗೊಳ್ಳಲಿಲ್ಲ, ಮ್ಯಾನೇಜರನ್ನು ಕರೆಯಲಿಲ್ಲ. ಅವಳು ಬದುಕಿದ್ದಾಳೆಯೇ ಎಂದು ಕೇಳಿದ. ಇಲ್ಲಿದ್ದಾಳೆಯೇ, ಇದೇ ಊರಲ್ಲೇ? ಮನೆಗೆ ಬಂದು ನೋಡಬಹುದೇ?

ಆ ರಾತ್ರಿ ಅಮ್ಮನಿಗೆ ಎಲ್ಲ ಹೇಳಬೇಕಾಯಿತು. ನಾನು ಮಾಡಿದ ಕೆಲಸವನ್ನು ದೊಡ್ಡದಾಗಿ ವರ್ಣಿಸಿದೆ, ಪುಸ್ತಕದ ಪುಟ ಓದಿ ಕನ್ನಡ ಮಾಡಿ, ಕೊಂಕಣಿ ಮಾಡಿ ಹೇಳಿದೆ. ಫೋನಿನ ಸಾಲನ್ನು ಮತ್ತೊಮ್ಮೆ ಓದು ಎಂದಳು. ಓದಿದೆ. ಮೂವತ್ತು ವರ್ಷದಲ್ಲಿ ತನ್ನ ಮಾತು ನಿಜವೆಂದ ಮೊದಲ ಸಾಕ್ಷಿ ಆ ಮುದುಕನೇ ಎಂದಳು. ಅದನ್ನು ಹೇಳಿ ಅವಳು ಗೋಡೆಯ ಕಡೆ ತಿರುಗಿದಳು. ನಾನೂ ನಂಬಿದ್ದೆನಲ್ಲ ಎಂದೆ.

“ನೀನು ನನ್ನ ಮಗಳು. ನೀನು ನಂಬಿದ್ದು ಲೆಕ್ಕಕ್ಕಿಲ್ಲ ಬಾಯೆ.”

ಆಮೇಲೆ ಗೋಡೆಯ ಕಡೆಯಿಂದಲೇ ಕೇಳಿದಳು. ಬಾಬಾ ಯಾವಾಗ ಬರುತ್ತಾನಂತೆ?

ಅವನು ಶನಿವಾರ ಬಂದ. ಆ ಉದ್ದದ ಮನುಷ್ಯ ನಮ್ಮ ಒಂದು ಕೋಣೆಯ ಫ್ಲಾಟಿನಲ್ಲಿ ಬಗ್ಗಿ ನಿಂತ, ಅಮ್ಮ ಅವನ ಎರಡೂ ಕೆನ್ನೆ ಹಿಡಿದಳು. ಇದನ್ನು ಇನ್ನೂ ವಿವರವಾಗಿ ಬರೆಯಬಹುದು. ನಾನು ಅಡುಗೆ ಮನೆಗೆ ಹೋಗಿಬಿಟ್ಟೆ, ಆದ್ದರಿಂದ ಗೊತ್ತಿಲ್ಲ. ಹೊರಗೆ ಬಂದಾಗ ಅವನು ಕುಚ್ಚಲಕ್ಕಿ ಗಂಜಿ ಮತ್ತು ಒಣಮೀನಿನ ಚಟ್ನಿ ಉಣ್ಣುತ್ತಿದ್ದ, ಕೈಯಲ್ಲೇ. ಒಂದು, ಎರಡು ಎಂದು ಕೊಂಕಣಿಯಲ್ಲಿ ಎಣಿಸಿ ಆರಕ್ಕೆ ಸಿಕ್ಕಿಕೊಂಡ. ಅಮ್ಮ ಏಳನ್ನು ಹೇಳಿಕೊಟ್ಟಳು. ನನಗೆ ಆ ಕ್ಷಣ ಮುದುಕನಿಗಿಂತ ಇವನ ಮೇಲೆ ಹೆಚ್ಚು ಉರಿಯಿತು.

ಉಂಡಾದ ಮೇಲೆ ಅವನು ತಲೆ ತಗ್ಗಿಸಿ ಕೇಳಿದ. ಆ ಸಾಲುಗಳನ್ನು ತೆಗೆದರೆ ಆಯಾಗೆ ನೋವಾಗುತ್ತದೆಯೇ? ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕೈ ಅಡ್ಡ ಹಿಡಿದಳು. ದುಬೈಯ ಆ ಒಂಬತ್ತು ವರ್ಷದ ಇಂಗ್ಲಿಷಿನಲ್ಲಿ, ನಿಧಾನಕ್ಕೆ, ಒಂದೊಂದೇ ಮಾತು ಜೋಡಿಸಿ ಹೇಳಿದಳು:

“ಪುಸ್ತಕದಲ್ಲಿ ಬೇಡ ಬಾಬಾ, ಬೇಡದಿದ್ದರೆ ಬೇಡ. ನಿನ್ನ ಡ್ಯಾಡಿ ಬಾಯಿಂದ ಹೇಳಲಿ. ಈ ಕತೆ ಊಟದ ಮೇಜಲ್ಲಿ ಹೇಳಿದ್ದಲ್ಲವಾ ಇಷ್ಟು ವರ್ಷ? ಅಲ್ಲೇ ಹೇಳಲಿ. ಕೇಳಿ ನಕ್ಕವರೇ ಕೂತಿರಬೇಕು, ನಾನೂ ಇರಬೇಕು. ಆಯಾ ಫೋನು ಮಾಡಿದ್ದಳು, ಮೇಡಮ್ಮಿಗೆ ಗೊತ್ತಿತ್ತು ಅಂತ. ಅಷ್ಟೇ.”

ಮಗ ಮಾತು ಕೊಟ್ಟ. ಮುಂದಿನ ವಾರ ಅಪ್ಪನ ಎಂಬತ್ತನೆಯ ಹುಟ್ಟುಹಬ್ಬದ ಊಟ ದುಬೈಯ ಒಂದು ಹೋಟೆಲಿನಲ್ಲಿ, ಹಳೆಯ ಗೆಳೆಯರೆಲ್ಲ ಬರುತ್ತಾರೆ, ಅಲ್ಲಿಯೇ ಆಗಲಿ. ಪುಸ್ತಕ ಅಚ್ಚಾಗುವುದು ಅದರ ಮರುದಿನ. ನಾನು ಕತ್ತರಿಸಿದ ಫೈಲನ್ನು ಸಿದ್ಧ ಮಾಡಬೇಕು, ಅಷ್ಟೇ. ಅವನು ಹೋದ ಮೇಲೆ ನಾನು ಅಮ್ಮನ ಜೊತೆ ಮಾತಾಡಲಿಲ್ಲ. ಏಳು ತಿಂಗಳ ನನ್ನ ಸೇಡನ್ನು ಒಂದು ಬಟ್ಟಲು ಗಂಜಿಗೆ ಬಿಟ್ಟುಕೊಟ್ಟಿದ್ದಳು. ಅವಳು ಸೀರೆ ಆರಿಸುತ್ತಿದ್ದಳು.

ಮುದುಕನಿಗೆ ಮಗ ಹೇಳಿಯಾಗಿತ್ತು. ಊಟದ ದಿನ ಬಾಗಿಲಲ್ಲಿ ಅವನು ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ನನ್ನ ಕಡೆಗೆ ಮುಖ ಮಾಡಿ, ಅಂದರೆ ನನ್ನ ಕಿವಿಯ ಕಡೆಗೆ, ನೀನು ಮೊದಲೇ ಹೇಳಬೇಕಿತ್ತು ಹುಡುಗಿ ಎಂದ. ಚೌಕಳಿ ಬಟ್ಟೆ ಹೊದ್ದಿದ್ದ. ಹೆಗಲ ಮೇಲೆ ಬ್ರೂಚು. ಅಮ್ಮ ಅದನ್ನು ನೋಡಿದಳು, ಹಳೆಯ ಪರಿಚಯದವರನ್ನು ನೋಡಿದ ಹಾಗೆ, ಮುಖದಲ್ಲಿ ಏನೂ ಬದಲಾಗದೆ. ನಮ್ಮನ್ನು ಎರಡನೆಯ ಮೇಜಿಗೆ ಕೂರಿಸಿದರು. ಪಕ್ಕದಲ್ಲಿದ್ದ ಬಿಳಿಕೂದಲ ಹೆಂಗಸು ಮೇಡಮ್ಮನ ಗೆಳತಿಯಂತೆ. ಅಮ್ಮನಿಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಟ್ಟಳು.

ಮುದುಕ ಎದ್ದು ನಿಂತ. ಅಪ್ಪ, ಜಮೀನು, ಚುನಾವಣೆ, ತಾನು ಸೋತ ತಮಾಷೆ. ಆಮೇಲೆ ‘ನೀವೆಲ್ಲ ಕೇಳಿದ ಕತೆ’ ಎಂದ. ಕೇಳಿದವರು ಕೇಳುವ ಮೊದಲೇ ನಕ್ಕರು. ಹುಡುಕಿದ್ದು, ಡಬ್ಬ, ಮೊಣಕೈ, ಹಸು, ಕರು. ಹೆಗಲ ಮೇಲಿನ ಬ್ರೂಚನ್ನು ತಟ್ಟಿದ. ನಗು ಇಳಿಯುವವರೆಗೆ ಕಾದ. ಮಗ ಅವನ ಪಕ್ಕದಲ್ಲಿ ನ್ಯಾಪ್ಕಿನ್ ಮಡಚುತ್ತಿದ್ದ, ಬಿಚ್ಚುತ್ತಿದ್ದ. ಆ ಫೋನಿನ ಮಾತು ಈಗ ಬರುತ್ತದೆ ಎಂದು ನಾನು ಕಾದು ಕೂತೆ. ನನಗೆ ಬರಬಾರದು ಎಂದೂ ಇತ್ತು, ಅದನ್ನೂ ಬರೆದಿಡುತ್ತೇನೆ.

“ನಾವು ಅವಸರಪಟ್ಟೆವು” ಎಂದ ಮುದುಕ. “ಅದು ಕಳ್ಳತನವಲ್ಲ, ಅವರ ಊರಿನ ಒಂದು ಪದ್ಧತಿಯಂತೆ. ನಮ್ಮ ಕಡೆಯಿಂದ ತಪ್ಪು ತಿಳಿವಳಿಕೆ. ನಮ್ಮ ಆ ಪ್ರೀತಿಯ ಹೆಂಗಸು ಇಂದು ನಮ್ಮೊಂದಿಗಿದ್ದಾಳೆ. ಎದ್ದು ನಿಲ್ಲು ತಾಯಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಎದ್ದು ನಿಂತಳು. ಸುತ್ತ ನೋಡಿ ನಗುತ್ತ, ಕೈ ಮುಗಿಯುತ್ತ, ತುಟಿ ಹೆಚ್ಚು ಅಲುಗದ ಹಾಗೆ ನನಗೆ ಕೊಂಕಣಿಯಲ್ಲಿ ಹೇಳಿದಳು. “ಫೋನಿನ ವಿಷಯ ಬಿಟ್ಟ.”

ಹೌದು ಎಂದೆ.

ಕೂತಳು. ಪಕ್ಕದ ಹೆಂಗಸು, ನೀವೆಷ್ಟು ಕ್ಷಮಾಗುಣದವರು ಎಂದಳು. ಅಮ್ಮ ಥ್ಯಾಂಕ್ಯೂ ಎಂದು ಐಸ್‌ಕ್ರೀಮ್ ಪೂರ್ತಿ ತಿಂದಳು. ಹೊರಡುವಾಗ ಮಗ ಲಿಫ್ಟಿನವರೆಗೆ ಓಡಿ ಬಂದ. ಅಪ್ಪನಿಗೆ ಆಗಲಿಲ್ಲ, ತನ್ನ ತಾಯಿಯ ಗೆಳತಿಯರೆಲ್ಲ ಇದ್ದರು, ಸತ್ತವಳ ಬಗ್ಗೆ ಎಲ್ಲರೆದುರು ಹೇಗೆ, ದಯವಿಟ್ಟು. ಅಮ್ಮ ಅವನ ಕೆನ್ನೆ ತಟ್ಟಿದಳು. ಊಟ ಚೆನ್ನಾಗಿತ್ತು ಎಂದಳು.

ಟ್ಯಾಕ್ಸಿ ಹೈವೇಗೆ ಬಂದ ಮೇಲೆ ಪ್ರೆಸ್ಸಿನವರಿಗೆ ಅಚ್ಚು ಮಾಡಲು ಯಾವುದನ್ನು ಕಳಿಸಿದ್ದೀ ಎಂದು ಕೇಳಿದಳು. ಅಚ್ಚಿಗೆ ಇನ್ನೂ ಕಳಿಸಿಲ್ಲ, ಎರಡೂ ನನ್ನ ಫೋನಿನಲ್ಲಿವೆ ಎಂದೆ. ಕತ್ತರಿಸದ್ದನ್ನು ಕಳಿಸಿದರೆ ನನ್ನ ಕೆಲಸ ಹೋಗುತ್ತದೆ, ನನ್ನ ವೀಸಾ ಹೋದರೆ ನಿನ್ನದೂ ಹೋಗುತ್ತದೆ, ಬಾಬಾನೂ ಇನ್ನು ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ. ನಾನು ಕೇಳಿದ್ದು ಅನುಮತಿಯೇ ಅಥವಾ ಅವಳನ್ನು ಹೆದರಿಸುತ್ತಿದ್ದೆನೇ, ಈಗ ತೀರ್ಮಾನಿಸಲಾರೆ. ಟ್ಯಾಕ್ಸಿ ಜಬಲ್ ಅಲಿ ದಾಟಿತು.

“ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದ” ಎಂದಳು. “ಕಳಿಸು.”

ಪ್ರೆಸ್ಸಿನವರು ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರು. ಫೈಲು ತಲುಪಿತು ಅಕ್ಕ, ಖಲಾಸ್ ಅಲ್ಲವಾ, ಇನ್ನು ಬದಲಾಯಿಸುವುದಿಲ್ಲವಲ್ಲ ಎಂದು ಫೋನು ಮಾಡಿ ಕೇಳಿದರು. ಇಲ್ಲ ಎಂದೆ. ಪುಸ್ತಕಗಳು ಪ್ರೆಸ್ಸಿನಿಂದ ನೇರ ಸ್ಕಾಟ್ಲೆಂಡಿಗೆ ಹೋದವು, ಆಯ್ಕೆ ಸಮಿತಿಯವರಿಗೆ, ದಾಯಾದಿಗಳಿಗೆ, ಒಕ್ಕಲುಗಳ ಹಿರಿಯರಿಗೆ. ಒಂದು ಪ್ರತಿಯನ್ನು ನಾನೇ ಖರ್ಚು ಮಾಡಿ ಊರಿನ ನಮ್ಮ ಇಗರ್ಜಿಯ ಪಾದ್ರಿಯವರಿಗೆ ಕಳಿಸಿದೆ, ಆ ಪುಟಕ್ಕೆ ಚೀಟಿ ಸಿಕ್ಕಿಸಿ. ಅಲ್ಲಿ ಯಾರು ಯಾವಾಗ ನಕ್ಕರು, ಯಾರಿಗೆ ಏನಾಯಿತು ನನಗೆ ಗೊತ್ತಿಲ್ಲ. ಗೊತ್ತಿದ್ದಂತೆ ಬರೆಯುವುದು ಸುಲಭ, ಬರೆಯುವುದಿಲ್ಲ. ಮ್ಯಾನೇಜರ್ ಮಾತ್ರ ಮರುವಾರ ನನ್ನನ್ನು ಕರೆದು, ಕೂರಿಸದೆ, ವೀಸಾ ಕ್ಯಾನ್ಸಲೇಶನ್ ಕಾಗದಕ್ಕೆ ಸಹಿ ಹಾಕಿಸಿದ.

ಅದೇ ಸಂಜೆ ಮಗ ಫೋನು ಮಾಡಿದ, ನನಗಲ್ಲ, ಅಮ್ಮನಿಗೆ. ಅವಳು ಫೋನು ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಾಗಿಲಿಗೆ ಕಿವಿಯಿಟ್ಟೆ. ಅವಳ ದನಿ ಬಹಳ ಕಡಿಮೆ ಕೇಳಿಸಿತು, ಅವನದು ಕೇಳಿಸಲೇ ಇಲ್ಲ. ಹೊರಗೆ ಬಂದು ಕೂತು ತೊಂಡೆಕಾಯಿ ಹೆಚ್ಚತೊಡಗಿದಳು. ಏನಂತೆ ಎಂದೆ.

ಯಾಕೆ ಹೀಗೆ ಮಾಡಿಸಿದಿರಿ, ನಿಮ್ಮ ಮಗಳು ನಿಮ್ಮ ಮಾತು ಮೀರಿದಳೇ ಎಂದು ಕೇಳಿದನಂತೆ.

“ಹೌದು ಅಂದಿದ್ದರೆ ಅವನು ಮತ್ತೆ ಬರುತ್ತಿದ್ದ” ಎಂದಳು. “ನಾನೇ ಕಳಿಸಿದ್ದು ಅಂದೆ. ಇಟ್ಟುಬಿಟ್ಟ.”

ತೊಂಡೆಕಾಯಿ ಮುಗಿಸಿದಳು. ನಾನು ಎರಡು ಮೂರು ಸಲ ಅವಳ ಮುಖ ನೋಡಿದೆ. ಅವಳು ಅತ್ತಳು ಎಂದು ಬರೆಯಲು ಆಸೆಯಿದೆ, ಅಳಲಿಲ್ಲ ಎಂದು ಬರೆಯಲು ಇನ್ನೂ ಹೆಚ್ಚು ಆಸೆಯಿದೆ. ಹೆಚ್ಚಿದ ಚೂರುಗಳು ಸಮನಾಗಿದ್ದವು, ಅದು ಮಾತ್ರ ನನಗೆ ಖಚಿತವಾಗಿ ಗೊತ್ತು.